ಗೋಡೆಗಳಿಲ್ಲದ ಬಾಲವಾಡಿ

ಶಾಲೆಯಿಂದ ಮರಳಿದ ಪುಟ್ಟ ಮಗುವಿನಲ್ಲಿ ನೀವು ಮೊದಲು ನೋಡುವುದು ಏನನ್ನು? ಹೆಚ್ಚಿನ ತಾಯಂದಿರು ಟಿಫಿನ್ ಡಬ್ಬಿ ತೆರೆದು ನೋಡುತ್ತಾರೆ, ಖಾಲಿಯಾಗಿದೆಯೋ ಇಲ್ಲವೋ ಎಂದು. ಅನಂತರ ಡೈರಿ. ಅದಾದ ಮೇಲೆ ಸಮವಸ್ತ್ರದ ಮೇಲಿನ ಕಲೆ. ಜರ್ಮನಿಯ ಕೆಲವು ತಾಯಂದಿರು ಮಾತ್ರ ಮಗುವಿನ ಕಿವಿಯ ಹಿಂಭಾಗ, ಕಂಕುಳು, ಮೊಣಕಾಲಿನ ಸಂದುಗಳನ್ನು ನೋಡುತ್ತಾರೆ. ಅಲ್ಲೆಲ್ಲಾದರೂ ಉಣುಗು ಕಚ್ಚಿಕೊಂಡಿದೆಯೇ ಎಂಬುದು ಅವರ ಚಿಂತೆ. ಏಕೆಂದರೆ ಅವರ ಮಕ್ಕಳು ಹೋಗಿ ಬರುವ ಶಾಲೆಗೆ ಗೋಡೆಗಳಿಲ್ಲ, ಚಾವಣಿಯಿಲ್ಲ, ಬೆಂಚು ಡೆಸ್ಕುಗಳಿಲ್ಲ. ಆ ಶಾಲೆ ಇರುವುದು ಕಾಡಿನಲ್ಲಿ.

ಇದು ಕಾಡಿನ ಅಂಚಿನಲ್ಲಿ ಕಟ್ಟಿದ ಶಾಲೆಯೂ ಅಲ್ಲ, ವರ್ಷಕ್ಕೊಮ್ಮೆ ಬಸ್ಸಿನಲ್ಲಿ ಹೋಗಿ ಬರುವ ಪಿಕ್‌ನಿಕ್ಕೂ ಅಲ್ಲ. ಮೂರರಿಂದ ಆರು ವರ್ಷದ ಮಕ್ಕಳು ಬೆಳಗ್ಗಿನಿಂದ ಮಧ್ಯಾಹ್ನದವರೆಗೆ, ಮಳೆಯಿರಲಿ ಹಿಮವಿರಲಿ, ಮರಗಳ ನಡುವೆಯೇ ಇರುತ್ತಾರೆ. ಜರ್ಮನ್ ಭಾಷೆಯಲ್ಲಿ ಇದನ್ನು ವಾಲ್ಡ್‌ಕಿಂಡರ್‌ಗಾರ್ಟನ್ ಎನ್ನುತ್ತಾರೆ. ವಾಲ್ಡ್ ಎಂದರೆ ಕಾಡು. ಕಿಂಡರ್‌ಗಾರ್ಟನ್ ಎಂಬ ಪದವಂತೂ ನಮಗೆ ಹೊಸದಲ್ಲ. ನಮ್ಮ ಮಕ್ಕಳ ಎಲ್‌ಕೆಜಿ, ಯುಕೆಜಿಗಳಲ್ಲಿರುವ 'ಕೆಜಿ' ಅದೇ ತಾನೇ. ಫ್ರೆಡ್ರಿಕ್ ಫ್ರೋಬೆಲ್ ಎಂಬ ಜರ್ಮನ್ ಶಿಕ್ಷಣ ತಜ್ಞ 1837ರಲ್ಲಿ ಬಾಡ್ ಬ್ಲಾಂಕೆನ್‌ಬುರ್ಗ್ ಎಂಬ ಊರಿನಲ್ಲಿ ಪುಟ್ಟ ಮಕ್ಕಳಿಗಾಗಿ ಒಂದು ಸಂಸ್ಥೆ ಆರಂಭಿಸಿದರು. 1840ರಲ್ಲಿ ಅದಕ್ಕೆ ಕಿಂಡರ್‌ಗಾರ್ಟನ್ ಎಂದು ಹೆಸರಿಟ್ಟರು. ಮಕ್ಕಳ ತೋಟ ಎಂಬುದು ಅದರ ಅರ್ಥ. ಅದು ಬರೀ ಅಲಂಕಾರದ ಹೆಸರಾಗಿರಲಿಲ್ಲ. ಅಲ್ಲಿ ನಿಜವಾಗಿಯೂ ತೋಟವಿತ್ತು, ಮಕ್ಕಳು ನೆಟ್ಟು ಬೆಳೆಸಲು ಮಣ್ಣಿನ ಪಾತಿಗಳಿದ್ದವು. ಇಂದು ಪೇಟೆಯ ಎರಡನೇ ಮಹಡಿಯಲ್ಲಿ, ಕಿಟಕಿಗೆ ಕಬ್ಬಿಣದ ಜಾಲಿ ಹಾಕಿದ ಕೋಣೆಯಲ್ಲಿ ನಡೆಯುವ ಕೆಜಿ ತರಗತಿಗೆ ಆ ಹೆಸರು ಹೇಗೆ ಒಪ್ಪುತ್ತದೆ ಎಂಬುದನ್ನು ನೀವೇ ಯೋಚಿಸಿ.

ಕಾಡಿನ ಬಾಲವಾಡಿಯ ಕಲ್ಪನೆ ಹುಟ್ಟಿದ್ದು ಜರ್ಮನಿಯಲ್ಲಲ್ಲ, ಪಕ್ಕದ ಡೆನ್ಮಾರ್ಕಿನಲ್ಲಿ. ಅದರ ಹಿಂದೆ ಇದ್ದವರು ಯಾವ ವಿಶ್ವವಿದ್ಯಾನಿಲಯದ ಪಂಡಿತರೂ ಅಲ್ಲ, ಓರ್ವ ತಾಯಿ. 1950ರ ದಶಕದಲ್ಲಿ ಎಲ್ಲಾ ಫ್ಲಾಟೌ ಎಂಬ ಮಹಿಳೆ ತನ್ನ ಮಕ್ಕಳನ್ನೂ ನೆರೆಮನೆಯ ಮಕ್ಕಳನ್ನೂ ಪ್ರತಿದಿನ ಹತ್ತಿರದ ಕಾಡಿಗೆ ಕರೆದೊಯ್ಯುತ್ತಿದ್ದರು. ಮಕ್ಕಳ ಹುರುಪನ್ನು ಕಂಡ ನೆರೆಹೊರೆಯವರು ಸೇರಿ ಅದನ್ನೊಂದು ವ್ಯವಸ್ಥೆಯನ್ನಾಗಿ ಮಾಡಿದರು. ಸ್ವೀಡನ್ನಿನಲ್ಲಿ 1957ರಲ್ಲಿ ಯೋಸ್ಟಾ ಫ್ರೂಮ್ ಎಂಬವರು ಸ್ಕೋಗ್ಸ್‌ಮುಲ್ಲೆ ಎಂಬ ಕಾಡಿನ ಪಾತ್ರವೊಂದನ್ನು ಸೃಷ್ಟಿಸಿ, ಆ ಮೂಲಕ ಮಕ್ಕಳನ್ನು ಹೊರಾಂಗಣಕ್ಕೆ ಸೆಳೆದರು. 1985ರಲ್ಲಿ ಅದೇ ದೇಶದಲ್ಲಿ ಇಡೀ ದಿನ ಹೊರಗೆ ನಡೆಯುವ ಶಿಶುವಿಹಾರವೂ ಆರಂಭವಾಯಿತು.

ಜರ್ಮನಿಯ ಕಥೆ ಪತ್ರಿಕೆ ಓದುವವರಿಗೆ ಇಷ್ಟವಾಗುವಂಥದ್ದು. ಫ್ಲೆನ್ಸ್‌ಬುರ್ಗ್ ಎಂಬುದು ಡೆನ್ಮಾರ್ಕಿನ ಗಡಿಗೆ ತಾಗಿದ ಊರು. ಅಲ್ಲಿನ ಇಬ್ಬರು ಯುವ ಶಿಕ್ಷಕಿಯರು ಡೆನ್ಮಾರ್ಕಿನ ಗೋಡೆಯಿಲ್ಲದ ಬಾಲವಾಡಿಯ ಬಗ್ಗೆ ಒಂದು ಪತ್ರಿಕಾ ಲೇಖನ ಓದಿದರು. ಓದಿ ಸುಮ್ಮನಾಗದೆ ಗಡಿ ದಾಟಿ ಹೋಗಿ ನೋಡಿ ಬಂದರು. 1993ರಲ್ಲಿ ಅವರ ಪ್ರಯತ್ನದಿಂದ ಸರಕಾರದ ಮಾನ್ಯತೆ ಪಡೆದ ಮೊದಲ ಕಾಡಿನ ಬಾಲವಾಡಿ ಆರಂಭವಾಯಿತು. ಅದಕ್ಕಿಂತ ಮೊದಲು, 1968ರಲ್ಲಿ, ವೀಸ್‌ಬಾಡೆನ್‌ನಲ್ಲಿ ಓರ್ವ ಮಹಿಳೆ ಇಂಥದ್ದನ್ನು ಆರಂಭಿಸಿದ್ದರೂ ಅದು ಎರಡು ದಶಕ ಕಾಲ ಒಂಟಿಯಾಗಿಯೇ ಉಳಿದಿತ್ತು. ಮಾನ್ಯತೆ ಸಿಕ್ಕಿದ ಮೇಲೆ ನೋಡಿ, 2017ರ ಹೊತ್ತಿಗೆ ಜರ್ಮನಿಯಲ್ಲಿ ಇಂತಹ ಬಾಲವಾಡಿಗಳ ಸಂಖ್ಯೆ 1,500 ದಾಟಿತು.

ಈಗ ಅಲ್ಲಿನ ಒಂದು ದಿನ ಹೇಗಿರುತ್ತದೆ ಎಂಬುದನ್ನು ನೋಡೋಣ. ಕಲಿಯುವುದು ಎಂದರೆ ಏನು ಎಂಬ ಪ್ರಶ್ನೆ ಇರುವುದು ಅಲ್ಲಿಯೇ.

ಬೆಳಗ್ಗೆ ಎಂಟು, ಎಂಟೂವರೆಗೆ ತಂದೆ-ತಾಯಂದಿರು ಮಕ್ಕಳನ್ನು ಕಾಡಿನ ಅಂಚಿನಲ್ಲಿ ಬಿಡುತ್ತಾರೆ. ಹದಿನೈದರಿಂದ ಇಪ್ಪತ್ತು ಮಕ್ಕಳಿಗೆ ಕನಿಷ್ಠ ಇಬ್ಬರು ಶಿಕ್ಷಕರು. ರಸ್ತೆ ಕಾಮಗಾರಿಯವರು ಬಳಸುವಂತಹ ಗಾಲಿಯ ಮರದ ಗೂಡು ಅಲ್ಲಿರುತ್ತದೆ, ಒಳಗೆ ಒಂದು ಒಲೆ. ವಿಪರೀತ ಚಳಿಯಲ್ಲಿ ಮಾತ್ರ ಅದರ ಉಪಯೋಗ. ಮಕ್ಕಳು ವೃತ್ತಾಕಾರವಾಗಿ ನಿಂತು ಹಾಡುತ್ತಾರೆ. ಇವತ್ತು ಎಷ್ಟು ಮಂದಿ ಬಂದಿದ್ದೇವೆ, ಯಾರು ಬಂದಿಲ್ಲ ಎಂದು ಮಕ್ಕಳೇ ಎಣಿಸುತ್ತಾರೆ. ಹಾಜರಿ ಪುಸ್ತಕದ ಕೆಲಸವೂ ಆಯಿತು, ಗಣಿತದ ಮೊದಲ ಪಾಠವೂ ಆಯಿತು.

ಅನಂತರ ನಡಿಗೆ. ಜೊತೆಗೊಂದು ಕೈಗಾಡಿ. ಅದರಲ್ಲಿ ನೀರಿನ ಕ್ಯಾನು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಬದಲಿ ಬಟ್ಟೆ, ಹಗ್ಗ, ಭೂತಗನ್ನಡಿ, ಒಂದು ಸಣ್ಣ ಸಲಿಕೆ. ಸಲಿಕೆ ಯಾಕೆಂದು ನಿಮಗೆ ಅರ್ಥವಾಗಿರಬಹುದು, ಕಾಡಿನಲ್ಲಿ ಶೌಚಾಲಯ ಇರುವುದಿಲ್ಲವಲ್ಲ. ಅದಕ್ಕೂ ಒಂದು ಗೊತ್ತುಪಡಿಸಿದ ಜಾಗ, ಒಂದು ಕ್ರಮ ಇದೆ. ಮಕ್ಕಳ ಕೈ ಹಿಡಿದು ಸಾಲಾಗಿ ಕೊಂಡೊಯ್ಯುವ ಪದ್ಧತಿ ಇಲ್ಲ. ಓಡಬಹುದು. ಆದರೆ ದಾರಿಯಲ್ಲಿ ಕೆಲವು ನಿಲ್ದಾಣಗಳಿವೆ. ಆ ದೊಡ್ಡ ಬಂಡೆ, ಈ ಬಿದ್ದ ಮರ, ಅಲ್ಲಿನ ತಿರುವು. ಅಲ್ಲಿಯವರೆಗೆ ಓಡಿದವನು ಅಲ್ಲಿ ನಿಂತು ಕೊನೆಯ ಮಗು ಬಂದು ತಲುಪುವವರೆಗೆ ಕಾಯಲೇಬೇಕು. ಕೆಜಿ ತರಗತಿಯಲ್ಲಿ ನಾವು ದಿನಕ್ಕೆ ನೂರು ಬಾರಿ ಕೂಗಿದರೂ ಬಾರದ ಶಿಸ್ತು ಇದು. ಇಲ್ಲಿ ಮಗುವಿಗೆ ಸ್ವಾತಂತ್ರ್ಯ ಕೊಟ್ಟು ಅದರ ಬೇಲಿಯನ್ನೂ ತೋರಿಸಲಾಗಿದೆ. ಬೇಲಿ ಕಣ್ಣಿಗೆ ಕಾಣುವುದರಿಂದ ಅದನ್ನು ಪಾಲಿಸುವುದು ಮಗುವಿಗೆ ಕಷ್ಟವಲ್ಲ.

ಒಂದು ಕಡೆ ಕುಳಿತು ಕೈ ತೊಳೆದು ಮನೆಯಿಂದ ತಂದ ಬುತ್ತಿ ತಿನ್ನುತ್ತಾರೆ. ಬೇಸಿಗೆಯಲ್ಲಿ ಸಿಹಿ ತಿಂಡಿ ತರಬೇಡಿ ಎಂದು ಮೊದಲೇ ಹೇಳಿರುತ್ತಾರೆ. ಕಣಜಗಳು ಮುತ್ತುತ್ತವೆ ಎಂಬ ಕಾರಣಕ್ಕೆ. (ಚಾಕಲೇಟು ಬಿಡಿಸಲು ಎಷ್ಟೆಲ್ಲಾ ಉಪದೇಶ ಮಾಡಿ ಸೋತ ನಮಗೆ ಈ ಕಣಜದ ಉಪಾಯ ಹೊಳೆದಿರಲಿಲ್ಲ!)

ಊಟದ ಬಳಿಕ ಎರಡು ಗಂಟೆಯಷ್ಟು ಕಾಲ ಆಟ. ಆಟದ ಸಾಮಾನು ಒಂದೂ ಇಲ್ಲ. ಇಲ್ಲಿಯೇ ಗಮನಿಸಬೇಕಾದ ವಿಷಯವಿದೆ. ಅಂಗಡಿಯಿಂದ ತಂದ ಪ್ಲಾಸ್ಟಿಕ್ ಕಾರು ಕಾರೇ ಆಗಿರುತ್ತದೆ, ಅದರ ಬಗ್ಗೆ ಮಾತಾಡಲು ಏನೂ ಇಲ್ಲ. ಒಂದು ಮುರಿದ ಕೊಂಬೆ ಹಾಗಲ್ಲ. ಅದು ಕುದುರೆಯಾಗಬಹುದು, ಗಾಳವಾಗಬಹುದು, ಅಂಗಡಿಯ ತಕ್ಕಡಿಯಾಗಬಹುದು. ಒಬ್ಬ ಅದನ್ನು ದೋಣಿ ಎಂದರೆ ಇನ್ನೊಬ್ಬ ಒಪ್ಪಬೇಕು. ಒಪ್ಪಿಸಲು ಮಾತು ಬೇಕು, ವಾದ ಬೇಕು, ಕೆಲವೊಮ್ಮೆ ಬಿಟ್ಟುಕೊಡುವ ಗುಣವೂ ಬೇಕು. ಭಾಷೆ ಬೆಳೆಯುವುದು ಹೀಗೆ. ನಾಲ್ಕು ಮಕ್ಕಳು ಸೇರಿ ಎತ್ತಲಾಗದ ದಿಮ್ಮಿಯನ್ನು ಉರುಟು ಕೋಲುಗಳ ಮೇಲಿಟ್ಟು ಉರುಳಿಸಿದರೆ, ಹತ್ತು ವರ್ಷಗಳ ನಂತರ ಭೌತಶಾಸ್ತ್ರದ ಪುಸ್ತಕದಲ್ಲಿ ಬರಲಿರುವ ಪಾಠವನ್ನು ಅವರ ತೋಳುಗಳು ಆಗಲೇ ಕಲಿತಿರುತ್ತವೆ. ಪೈನ್ ಮರದ ಕಾಯಿಗಳನ್ನು ಗಾತ್ರದ ಪ್ರಕಾರ ಸಾಲಾಗಿ ಇಡುವ ಮಗು ಅಂಕಿಗಳ ಕ್ರಮವನ್ನು ಕೈಯಿಂದ ಮುಟ್ಟಿ ತಿಳಿಯುತ್ತದೆ.

ನಾನು ಮದ್ರಸದಲ್ಲಿಯೂ ಶಾಲೆಯಲ್ಲಿಯೂ ಚಿಕ್ಕ ಮಕ್ಕಳಿಗೆ ಕಲಿಸುತ್ತಾ ಬಂದವರಲ್ಲಿ ಸೇರಿದ್ದೇನೆ. ಸ್ಲೇಟಿನ ಮೇಲೆ ಐದು ಬರೆಯಬಲ್ಲ, ಆದರೆ ಐದು ಗೇರುಬೀಜ ತಾ ಎಂದರೆ ಏಳು ತರುವ ಮಕ್ಕಳನ್ನು ಎಷ್ಟೋ ಕಂಡಿದ್ದೇನೆ. ಅಂಕಿ ಬರೆಯುವುದು ಬೇರೆ, ಎಣಿಕೆ ತಿಳಿಯುವುದು ಬೇರೆ. ಕಾಡಿನ ಬಾಲವಾಡಿ ಎರಡನೆಯದನ್ನು ಮೊದಲು ಕಲಿಸುತ್ತದೆ, ಬರವಣಿಗೆಯನ್ನು ಆರು ವರ್ಷದ ಬಳಿಕ ಸೇರುವ ಶಾಲೆಗೆ ಬಿಟ್ಟುಬಿಡುತ್ತದೆ.

ಮಳೆ ಬಂದರೆ? ರಜೆ ಇಲ್ಲ. ನೀರು ಇಳಿಯದ ಕೋಟು, ಎದೆಯವರೆಗೆ ಬರುವ ರಬ್ಬರಿನಂತಹ ಪ್ಯಾಂಟು, ಬೂಟು. ಕೆಸರು ಮೆತ್ತಿಕೊಳ್ಳಲೆಂದೇ ಇರುವ ಬಟ್ಟೆ ಅದು. ರಜೆ ಕೊಡುವುದು ಬಿರುಗಾಳಿಗೆ. ಮರದ ಕೊಂಬೆ ಮುರಿದು ಬೀಳುವುದೇ ಕಾಡಿನ ನಿಜವಾದ ಅಪಾಯ ಎಂಬುದು ಅವರಿಗೆ ಗೊತ್ತಿದೆ. ಅಂತಹ ದಿನ ಕಟ್ಟಡವೊಂದರಲ್ಲಿ ಆಶ್ರಯ ಪಡೆಯುತ್ತಾರೆ.

ಸಹೋದರಿಯರೇ, ನಿಮ್ಮ ಎದೆ ಧಸಕ್ಕೆನ್ನುವ ವಿಷಯವನ್ನು ಇನ್ನೂ ಹೇಳಿಲ್ಲ. ನಾಲ್ಕೈದು ವರ್ಷದ ಆ ಮಕ್ಕಳ ಕೈಗೆ ಚಾಕು ಕೊಡುತ್ತಾರೆ. ಕೋಲು ಕೆತ್ತಲು. ಕುಳಿತುಕೊಂಡೇ ಕೆತ್ತಬೇಕು, ಪಕ್ಕದಲ್ಲಿ ಒಂದು ತೋಳಿನಷ್ಟು ದೂರದಲ್ಲಿ ಯಾರೂ ಇರಬಾರದು, ಚಾಕುವನ್ನು ಮೈಯಿಂದ ಆಚೆಗೆ ಎಳೆಯಬೇಕು, ಹಿರಿಯರೊಬ್ಬರು ಹತ್ತಿರ ಇರಬೇಕು. ಚಾಕು ಹಿಡಿದು ಎದ್ದು ನಡೆದರೆ ಅಂದಿನ ಮಟ್ಟಿಗೆ ಚಾಕು ಸಿಗದು. ನಾರ್ವೆಯ ಎಲೆನ್ ಸ್ಯಾಂಡ್‌ಸೆಟರ್ ಎಂಬ ಸಂಶೋಧಕಿ 2007ರಲ್ಲಿ ಮಕ್ಕಳ ಸಾಹಸದ ಆಟಗಳನ್ನು ಆರು ಬಗೆಯಾಗಿ ವಿಂಗಡಿಸಿದರು. ಎತ್ತರ ಹತ್ತುವುದು, ವೇಗವಾಗಿ ಓಡುವುದು ಜಾರುವುದು, ಹರಿತವಾದ ಸಲಕರಣೆ ಬಳಸುವುದು, ನೀರು ಬೆಂಕಿಗಳ ಬಳಿ ಆಡುವುದು, ಕುಸ್ತಿ ಹಿಡಿಯುವುದು, ಹಿರಿಯರ ಕಣ್ಣು ತಪ್ಪಿಸಿ ಅಡಗುವುದು. ನಮ್ಮ ಬಾಲ್ಯದ ಒಂದು ಸಂಜೆಯಲ್ಲಿ ಈ ಆರೂ ನಡೆಯುತ್ತಿದ್ದವು. ಗೇರುಮರ, ಹಳ್ಳ, ಗುಡ್ಡೆಯಿಂದ ಅಡಿಕೆ ಹಾಳೆಯಲ್ಲಿ ಜಾರುವ ಆಟ. ಏಳೆಂಟು ವರ್ಷಕ್ಕೇ ಈಳಿಗೆ ಮಣೆಯ ಮುಂದೆ ಕುಳಿತು ಅಲಸಂಡೆ ಹೆಚ್ಚಿದ ಹೆಣ್ಮಕ್ಕಳು ಈ ಲೇಖನ ಓದುವವರಲ್ಲಿಯೇ ಎಷ್ಟೋ ಮಂದಿ ಇರಬಹುದು. ಸಣ್ಣ ಅಪಾಯವನ್ನು ಅಳೆಯಲು ಕಲಿತ ಮಗು ದೊಡ್ಡ ಅಪಾಯದ ಮುಂದೆ ನಿಂತು ಯೋಚಿಸುತ್ತದೆ ಎಂಬುದು ಸ್ಯಾಂಡ್‌ಸೆಟರ್‌ರಂಥವರ ವಾದ. ಸಂಪೂರ್ಣ ಒಪ್ಪಬೇಕೆಂದೇನಿಲ್ಲ. ಆದರೆ ಮಗು ಮೆಟ್ಟಿಲು ಇಳಿಯುವಾಗಲೂ ಕೈ ಹಿಡಿಯುವ ನಮ್ಮ ಈಗಿನ ಅಭ್ಯಾಸವನ್ನು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಹೆಣ್ಣುಮಕ್ಕಳ ವಿಷಯದಲ್ಲಿ ಈ ಮಾತು ಇನ್ನಷ್ಟು ಮುಖ್ಯ. ಐದು ವರ್ಷದ ಹುಡುಗನಿಗೆ ಸಿಗುವ ಅಂಗಳ ಐದು ವರ್ಷದ ಹುಡುಗಿಗೆ ಸಿಗುವುದಿಲ್ಲ. "ನೀನು ಹುಡುಗಿ, ಮರ ಹತ್ತಬೇಡ" ಎಂದು ಹೇಳುವವರು ಹೆಚ್ಚಾಗಿ ನಾವೇ. ಕಾಡಿನ ಬಾಲವಾಡಿಯಲ್ಲಿ ಗೊಂಬೆಯ ಮೂಲೆ, ಕಾರಿನ ಮೂಲೆ ಎಂಬ ಭೇದವಿಲ್ಲ. ಎಲ್ಲರಿಗೂ ಅದೇ ಕೆಸರಿನ ಪ್ಯಾಂಟು, ಅದೇ ದಿಮ್ಮಿ. ಮೂಳೆ, ಸ್ನಾಯು, ಸಮತೋಲನ ಬೆಳೆಯುವ ವಯಸ್ಸು ಇಬ್ಬರಿಗೂ ಒಂದೇ ಅಲ್ಲವೇ?

ಇದರಿಂದ ಪ್ರಯೋಜನವಾಗಿದೆ ಎನ್ನಲು ಆಧಾರವೇನು ಎಂದು ನೀವು ಕೇಳಬಹುದು. ಕೇಳಲೇಬೇಕು. ನಾರ್ವೆಯ ಇಂಗುನ್ ಫ್ಯೋರ್‌ಟೋಫ್ಟ್ ಎಂಬವರು ಐದರಿಂದ ಏಳು ವರ್ಷದ ಮಕ್ಕಳ ಒಂದು ಗುಂಪನ್ನು ಒಂಬತ್ತು ತಿಂಗಳ ಕಾಲ ದಿನಕ್ಕೆ ಒಂದೆರಡು ಗಂಟೆ ಕಾಡಿನಲ್ಲಿ ಆಡಲು ಬಿಟ್ಟು, ಸಾಮಾನ್ಯ ಮೈದಾನದಲ್ಲಿ ಆಡಿದ ಮಕ್ಕಳೊಂದಿಗೆ ಹೋಲಿಸಿದರು. ಕಾಡಿನ ಮಕ್ಕಳ ಸಮತೋಲನ ಮತ್ತು ಅಂಗಾಂಗಗಳ ಹೊಂದಾಣಿಕೆ ಹೆಚ್ಚು ಸುಧಾರಿಸಿತ್ತು. ಏರುಪೇರಿನ ನೆಲದಲ್ಲಿ ಪ್ರತಿ ಹೆಜ್ಜೆಯೂ ಬೇರೆಯಾಗಿರುವುದೇ ಅದಕ್ಕೆ ಕಾರಣ. ಫಿನ್ಲೆಂಡಿನಲ್ಲಿ ಮೂರರಿಂದ ಐದು ವರ್ಷದ 75 ಮಕ್ಕಳ ಮೇಲೆ ನಡೆದ ಅಧ್ಯಯನವೊಂದು 2020ರಲ್ಲಿ ಪ್ರಕಟವಾಯಿತು. ಜಲ್ಲಿ ಹಾಸಿದ ಶಿಶುವಿಹಾರದ ಅಂಗಳಕ್ಕೆ ಕಾಡಿನ ನೆಲದ ಮಣ್ಣು-ಗಿಡ, ಹುಲ್ಲು ತಂದು ಹಾಸಿದರು. ಕೇವಲ 28 ದಿನಗಳಲ್ಲಿ ಆ ಮಕ್ಕಳ ಚರ್ಮದ ಮೇಲಿನ ಉಪಕಾರಿ ಸೂಕ್ಷ್ಮಜೀವಿಗಳ ವೈವಿಧ್ಯ ಹೆಚ್ಚಿತು, ರೋಗನಿರೋಧಕ ವ್ಯವಸ್ಥೆಗೆ ಸಂಬಂಧಿಸಿದ ಕೆಲವು ಅಂಶಗಳು ರಕ್ತದಲ್ಲಿ ಬದಲಾದವು. ಮಣ್ಣು ಎಂದರೆ ಕೊಳಕು ಎಂದು ನಾವು ಬಗೆದಿದ್ದೇವೆ. ಚರಂಡಿಯ ಕೆಸರು ಬೇರೆ, ತೋಟದ ಮಣ್ಣು ಬೇರೆ ಎಂಬ ವ್ಯತ್ಯಾಸವನ್ನು ಮರೆತಿದ್ದೇವೆ.

ನನಗೆ ಎಲ್ಲಕ್ಕಿಂತ ಹೆಚ್ಚು ಮನಸ್ಸಿಗೆ ನಾಟಿದ್ದು ಕಣ್ಣಿನ ವಿಷಯ. ಇದು ಕಾಡಿಗೆ ಮಾತ್ರ ಸಂಬಂಧಿಸಿದ್ದಲ್ಲ. ಚೀನಾದ ಗುವಾಂಗ್‌ಝೌ ನಗರದ 12 ಶಾಲೆಗಳಲ್ಲಿ ಆರೇಳು ವರ್ಷದ ಮಕ್ಕಳ ಮೇಲೆ ಮೂರು ವರ್ಷ ಪ್ರಯೋಗ ನಡೆಯಿತು. ಅರ್ಧದಷ್ಟು ಶಾಲೆಗಳಲ್ಲಿ ದಿನಕ್ಕೆ 40 ನಿಮಿಷ ಹೆಚ್ಚುವರಿಯಾಗಿ ಮಕ್ಕಳನ್ನು ಹೊರಗೆ ಬಿಟ್ಟರು, ಅಷ್ಟೇ. 2015ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಹೊರಗೆ ಹೋದ ಮಕ್ಕಳಲ್ಲಿ ಶೇಕಡಾ 30.4 ಮಂದಿಗೆ ಸಮೀಪದೃಷ್ಟಿ ಬಂದಿತ್ತು, ಉಳಿದ ಶಾಲೆಗಳಲ್ಲಿ ಶೇಕಡಾ 39.5 ಮಂದಿಗೆ. ಹಗಲ ಬೆಳಕು ಕಣ್ಣಿನ ಗುಡ್ಡೆ ಅತಿಯಾಗಿ ಉದ್ದವಾಗುವುದನ್ನು ತಡೆಯುತ್ತದೆ ಎಂದು ತಜ್ಞರು ಹೇಳುತ್ತಾರೆ. ತೈವಾನ್ ಸರಕಾರ 2010ರಲ್ಲಿಯೇ ಶಾಲಾ ಮಕ್ಕಳು ದಿನಕ್ಕೆ 120 ನಿಮಿಷ ಹೊರಗಿರಬೇಕು ಎಂಬ ಕಾರ್ಯಕ್ರಮ ಹಾಕಿಕೊಂಡಿತು. ನಮ್ಮ ಕರಾವಳಿಯ ಒಂದು ಮಗುವಿನ ದಿನವನ್ನು ಲೆಕ್ಕ ಹಾಕಿ ನೋಡಿ. ಬೆಳಗ್ಗೆ ಏಳಕ್ಕೆ ಮದ್ರಸ, ಒಂಬತ್ತಕ್ಕೆ ಶಾಲೆಯ ವ್ಯಾನು, ಸಂಜೆ ಟ್ಯೂಷನ್, ರಾತ್ರಿ ಮೊಬೈಲು. ಆಕಾಶ ಕಾಣುವ ಹೊತ್ತು ವ್ಯಾನು ಹತ್ತುವಾಗ ಒಮ್ಮೆ, ಇಳಿಯುವಾಗ ಒಮ್ಮೆ. ಕಲಿಸುವವರಾದ ನಮಗೂ ಇದರಲ್ಲಿ ಪಾಲಿದೆ. ಅಂಗಳದ ಹಲಸಿನ ಮರದಡಿ ಹೇಳಿಕೊಡಬಹುದಾದ ಪಾಠವನ್ನು ಫ್ಯಾನಿನಡಿ ಹೇಳಿಕೊಡುವವರು ನಾವೇ ಅಲ್ಲವೇ?

ಕಾಡಿನಲ್ಲಿ ಆಡಿದ ಮಕ್ಕಳು ಮುಂದೆ ಒಂದನೇ ತರಗತಿಯಲ್ಲಿ ಹಿಂದುಳಿಯುವರೇ? ಪೀಟರ್ ಹೆಫ್ನರ್ ಎಂಬವರು ಹೈಡಲ್‌ಬರ್ಗ್ ವಿಶ್ವವಿದ್ಯಾನಿಲಯಕ್ಕೆ 2002ರಲ್ಲಿ ಸಲ್ಲಿಸಿದ ಸಂಶೋಧನೆಯಲ್ಲಿ ಒಂದನೇ ತರಗತಿಯ ಶಿಕ್ಷಕರನ್ನು ಕೇಳಿ ಹೋಲಿಸಿದ್ದಾರೆ. ಕಾಡಿನಿಂದ ಬಂದ ಮಕ್ಕಳು ಒಟ್ಟಾರೆ ಹಿಂದುಳಿದಿರಲಿಲ್ಲ, ಪಾಠದಲ್ಲಿ ತೊಡಗಿಸಿಕೊಳ್ಳುವುದರಲ್ಲಿ ಮುಂದಿದ್ದರು. ಆದರೆ ಒಂದು ಮಾತನ್ನು ಇಲ್ಲಿ ಹೇಳದೆ ಬಿಡುವುದು ನ್ಯಾಯವಲ್ಲ. ಮಗುವನ್ನು ಕಾಡಿನ ಬಾಲವಾಡಿಗೆ ಕಳುಹಿಸುವ ತಂದೆ-ತಾಯಿ ಸಾಮಾನ್ಯವಾಗಿ ಓದಿದವರು, ಮಗುವಿನ ಜೊತೆ ಕುಳಿತು ಮಾತಾಡುವವರು. ಮಗು ಮುಂದೆ ಬಂದದ್ದು ಕಾಡಿನಿಂದಲೋ ಮನೆಯಿಂದಲೋ ಎಂದು ಬೇರ್ಪಡಿಸುವುದು ಸುಲಭವಲ್ಲ.

ಈ ಬಾಲವಾಡಿಗಳ ಮೇಲೆ ಅಲ್ಲಿಯೇ ಟೀಕೆಗಳಿವೆ. ಹಲವು ಕಡೆ ಮಧ್ಯಾಹ್ನ ಒಂದು ಗಂಟೆಗೆ ಮಗುವನ್ನು ಕರೆದೊಯ್ಯಬೇಕು. ಇಡೀ ದಿನ ದುಡಿಯುವ ತಾಯಿಗೆ ಅದು ಸಾಧ್ಯವೇ? ವಲಸೆ ಬಂದ ಕುಟುಂಬಗಳ ಮಕ್ಕಳು ಇಲ್ಲಿ ಕಡಿಮೆ ಎಂಬುದು ಇನ್ನೊಂದು ಆಕ್ಷೇಪ. ಅದು ಅರ್ಥವಾಗುವ ಸಂಗತಿಯೇ. ಮಗು ಓದಿ ಮೇಲೆ ಬರಲಿ ಎಂದು ಊರು ಬಿಟ್ಟು ಬಂದ ತಾಯಿಯ ಮುಂದೆ ಕೆಸರು ಪ್ಯಾಂಟು, ಕೋಲು ತೋರಿಸಿ ಇದೇ ಶಾಲೆ ಎಂದರೆ ಆಕೆ ಹೇಗೆ ನಂಬಿಯಾಳು? ಕೊಲ್ಲಿಯಲ್ಲಿ ದುಡಿದು ಫೀಸು ಕಟ್ಟುವ ನಮ್ಮ ತಂದೆಯಂದಿರೂ ಅದನ್ನೇ ಕೇಳುತ್ತಿದ್ದರು.

ಇನ್ನು ಉಣುಗಿನ ವಿಷಯ. ಜರ್ಮನಿಯ ಉಣುಗುಗಳು ಲೈಮ್ ಎಂಬ ರೋಗವನ್ನೂ, ಮೆದುಳಿಗೆ ತಗಲುವ ಒಂದು ವೈರಸ್ ಜ್ವರವನ್ನೂ ಹರಡುತ್ತವೆ. ವೈರಸ್ ಜ್ವರಕ್ಕೆ ಲಸಿಕೆ ಇದೆ. ಆದರೂ ಪ್ರತಿ ಸಂಜೆ ಮೈ ಪರೀಕ್ಷಿಸುವುದನ್ನು ಬಿಡುವುದಿಲ್ಲ. ನರಿಯ ಹೊಟ್ಟೆಯ ಲಾಡಿಹುಳದ ಮೊಟ್ಟೆ ಅಂಟಿರಬಹುದೆಂಬ ಭಯದಿಂದ ಕಾಡಿನ ಹಣ್ಣನ್ನು ತೊಳೆಯದೆ ಬಾಯಿಗಿಡಲು ಬಿಡುವುದಿಲ್ಲ. ಆ ವೈರಸ್ಸಿನ ಹತ್ತಿರದ ಸಂಬಂಧಿಯೊಂದು ನಮ್ಮ ಮಲೆನಾಡಿನಲ್ಲಿಯೇ ಇದೆ ಎಂಬುದು ನಿಮಗೆ ತಿಳಿದಿರಲಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಅದು. ಆದುದರಿಂದ ಜರ್ಮನಿಯದನ್ನು ನೋಡಿ ಮಲೆನಾಡಿನ ಕಾಡಿಗೆ ಮಕ್ಕಳನ್ನು ಕಳುಹಿಸೋಣ ಎಂದು ಯಾರಾದರೂ ಹೊರಟರೆ ಅದನ್ನು ನಾನು ಬೆಂಬಲಿಸಲಾರೆ. ಚಳಿಗಾಲದಿಂದ ಬೇಸಿಗೆಯ ಕೊನೆಯವರೆಗೆ ಕಾಯಿಲೆ ಇರುವ ಪ್ರದೇಶದಲ್ಲಿ ಕಾಡಿನೊಳಗೆ ಹೋಗುವುದು, ಮಂಗ ಸತ್ತ ಜಾಗದ ಹತ್ತಿರ ಸುಳಿಯುವುದು ದೊಡ್ಡವರಿಗೇ ಅಪಾಯ.

ಆದರೆ ಹೊರಗೆ ಎಂದರೆ ಕಾಡೇ ಆಗಬೇಕೆಂದು ಯಾರು ಹೇಳಿದರು? ಬ್ರಿಟನ್ನಿನ ಬ್ರಿಜ್‌ವಾಟರ್ ಕಾಲೇಜಿನ ಶಿಶುವಿಹಾರದವರು 1993ರಲ್ಲಿ ಡೆನ್ಮಾರ್ಕಿಗೆ ಹೋಗಿ ನೋಡಿ ಬಂದ ಮೇಲೆ ಅಲ್ಲಿ ಆರಂಭವಾದ ಕ್ರಮದಲ್ಲಿ ಮಕ್ಕಳು ದಿನವೂ ಕಾಡಿಗೆ ಹೋಗುವುದಿಲ್ಲ. ವಾರಕ್ಕೊಮ್ಮೆ ಹೋಗುತ್ತಾರೆ, ಆದರೆ ತಿಂಗಳುಗಟ್ಟಲೆ ತಪ್ಪದೆ ಹೋಗುತ್ತಾರೆ, ಅದೇ ಮರಗಳ ಬಳಿಗೆ. ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋದಾಗಲೇ ಮಗು ಎಲೆ ಉದುರಿದ್ದನ್ನು, ಗೂಡು ಖಾಲಿಯಾದದ್ದನ್ನು ಗಮನಿಸುವುದು. ನಮ್ಮಲ್ಲೂ ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗ ನಡೆಸಿದ್ದು ಬಯಲಿನಲ್ಲಿ, ಗಿಡಮರಗಳ ನಡುವೆ. ಶಾಲೆಯ ಹಿಂದಿನ ತೋಟ, ಮಸೀದಿಯ ಪಕ್ಕದ ಖಾಲಿ ಜಾಗ, ಮನೆಯ ಅಂಗಳ, ಬಾಡಿಗೆ ಫ್ಲಾಟಿನವರಿಗೆ ಹತ್ತಿರದ ಪಾರ್ಕು, ಯಾವುದಾದರೂ ಸಾಕು. ಹಾವು, ಬಾವಿ, ರಸ್ತೆ ಈ ಮೂರನ್ನು ಮೊದಲು ನೋಡಿಕೊಂಡು ಬೇಲಿ ತೋರಿಸಿಬಿಡಿ. ಬಣ್ಣ ಮಾಸಿದ ಒಂದು ಜೊತೆ ಬಟ್ಟೆಯನ್ನು ಮಣ್ಣಿಗೆಂದೇ ತೆಗೆದಿಡಿ, ಆಗ ಕಲೆಯ ಬಗ್ಗೆ ಬೈಯುವ ಅಗತ್ಯವೇ ಬಾರದು.

ಮುಂದಿನ ಪ್ರವೇಶಾತಿಯ ಸಮಯದಲ್ಲಿ ಶಾಲೆಯವರು ನಿಮ್ಮ ಮೂರು ವರ್ಷದ ಮಗುವನ್ನು ಪ್ರಶ್ನೆ ಕೇಳಲು ಕೂರಿಸಿದಾಗ, ನೀವೂ ಅವರನ್ನು ಒಂದು ಪ್ರಶ್ನೆ ಕೇಳಿ: ಎಲ್‌ಕೆಜಿ ಮಕ್ಕಳನ್ನು ದಿನಕ್ಕೆ ಎಷ್ಟು ನಿಮಿಷ ಹೊರಗೆ ಬಿಡುತ್ತೀರಿ? ಫೀಸಿನ ಪಟ್ಟಿ, ವ್ಯಾನಿನ ಸಮಯ, ಸ್ಮಾರ್ಟ್ ಕ್ಲಾಸಿನ ಪರದೆ ಇವೆಲ್ಲಕ್ಕೂ ಅವರಲ್ಲಿ ಉತ್ತರ ಸಿದ್ಧವಿರುತ್ತದೆ. ಇದಕ್ಕೂ ಸಿದ್ಧವಿದೆಯೇ ನೋಡಿ. ಇಲ್ಲವಾದರೆ ನಾಲ್ಕು ತಾಯಂದಿರು ಒಟ್ಟಾಗಿ ಹೋಗಿ ಮುಖ್ಯ ಶಿಕ್ಷಕಿಯವರ ಬಳಿ ಮಾತಾಡಿ. ಗುವಾಂಗ್‌ಝೌವಿನ 40 ನಿಮಿಷದ ಲೆಕ್ಕವನ್ನು ಒಂದು ಚೀಟಿಯಲ್ಲಿ ಬರೆದುಕೊಂಡೇ ಹೋಗಿ.